ಮಾಂಸದ ಪೊಟ್ಟಣವೂ ಅದರ ಮೇಲಣ ಬರೆಹವೂ

ಹರಿಹರದಿಂದ ಈ ಪತ್ರಿಕೆಯ ಓದುಗ ಸೋದರಿಯೊಬ್ಬರು ಹೋದ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗನು ದಾವಣಗೆರೆಯಲ್ಲಿ ಉದ್ಯೋಗದಲ್ಲಿದ್ದು, ವಾರಕ್ಕೊಮ್ಮೆ ಮನೆಗೆ ಬರುವಾಗ ಅಲ್ಲಿಯ ಸೂಪರ್‌ಮಾರ್ಕೆಟಿನಿಂದ ಕೋಳಿಯ ಮಾಂಸವನ್ನೋ ಕುರಿಯ ಮಾಂಸವನ್ನೋ ಪೊಟ್ಟಣದಲ್ಲಿ ತರುವನಂತೆ. ಮನೆಯ ಹಿರಿಯರಾದ ಮಾವನವರು “ನನ್ನ ಕಣ್ಣೆದುರಿಗೆ ಕಡಿಯದ ಮಾಂಸವನ್ನು ನಾನು ಮುಟ್ಟೆ” ಎನ್ನುವರಂತೆ. ಮಗನು “ಪೇಟೆಯ ಅಂಗಡಿಯ ನೊಣ ಧೂಳುಗಳಿಗಿಂತ ಇದು ಎಷ್ಟೋ ಮೇಲು, ತಾತ” ಎನ್ನುವನಂತೆ. ಪ್ರತಿ ಭಾನುವಾರವೂ ಊಟಕ್ಕೆ ಮೊದಲು ಇದೇ ವಾಗ್ವಾದ. ಆ ಸೋದರಿಯು ಬರೆಯುತ್ತಾರೆ: “ಪೊಟ್ಟಣದ ಮೇಲಿನ ಬರೆಹವೆಲ್ಲವೂ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗುವಿದೆ. ಅಡಿಗೆ ಮಾಡಿ ಬಡಿಸುವವಳು ನಾನು. ಇವರಿಬ್ಬರಲ್ಲಿ ಯಾರ ಮಾತನ್ನು ನಂಬಲಿ?”

ಈ ಪ್ರಶ್ನೆಯು ಮೇಲ್ನೋಟಕ್ಕೆ ಸಣ್ಣದಾಗಿ ಕಂಡರೂ ಇದರಲ್ಲಿ ಒಂದು ಮಗುವಿನ ಆರೋಗ್ಯವೂ ಒಂದು ಮನೆಯ ನೆಮ್ಮದಿಯೂ ಅಡಗಿರುವುವು. ಸಂಸ್ಕೃತ ಪಾಠವನ್ನು ಹೇಳಿ ಪಿಂಚಣಿ ಪಡೆದ ಮೇಷ್ಟರಿಗೆ ಮಾಂಸದ ಗೊಡವೆ ಏತಕ್ಕೆಂದು ವಾಚಕರಲ್ಲಿ ಕೆಲವರು ನಗಬಹುದು. ಮಾಂಸವನ್ನು ತಿನ್ನುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ಇಲ್ಲಿ ಅವಕಾಶವಿಲ್ಲ. ಆಯಾ ಮನೆಯ ಆಚಾರ ಆಯಾ ಮನೆಗೆ ಸೇರಿದ್ದು. ಬರೆದುದನ್ನು ಓದಿ ಅರ್ಥಮಾಡಿಕೊಳ್ಳುವುದನ್ನು ಕಲಿಸುವುದೇ ನಮ್ಮ ವೃತ್ತಿಯಾಗಿದ್ದಿತು. ಪೊಟ್ಟಣದ ಮೇಲಿನ ಚೀಟಿಯೂ ಒಂದು ಬರೆಹವೇ ಆದುದರಿಂದ, ಅದನ್ನು ಓದುವ ಬಗೆಯನ್ನು ಹೇಳುವ ಅಧಿಕಾರವು ನಮಗೆ ಉಂಟೆಂದು ಭಾವಿಸುತ್ತೇವೆ.

ಮಾಂಸದ ಮಾರಾಟಕ್ಕೆ ಕಟ್ಟುಕಟ್ಟಳೆಗಳನ್ನು ವಿಧಿಸುವುದು ಈ ಕಾಲದ ಹೊಸ ಸಂಗತಿಯೆಂದು ಯಾರೂ ತಿಳಿಯಬಾರದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸೂನಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಪ್ರಕರಣವೇ ಮೀಸಲಾಗಿರುವುದು. ಸೂನಾ ಎಂದರೆ ಕಸಾಯಿಖಾನೆ. ಹೊಸದಾಗಿ ಕಡಿದ ಮಾಂಸವನ್ನೇ ಮಾರಬೇಕೆಂದೂ, ತೂಕದಲ್ಲಿ ಕಡಮೆ ಮಾಡಿದರೆ ಕಡಮೆಯಾದುದರ ಎಂಟರಷ್ಟು ತೆರಬೇಕೆಂದೂ ಅಲ್ಲಿ ಹೇಳಿದೆ. ತಲೆ, ಕಾಲು, ಮೂಳೆಗಳಿಲ್ಲದ ಮಾಂಸವನ್ನೂ, ಕೆಟ್ಟ ವಾಸನೆಯ ಮಾಂಸವನ್ನೂ, ತಾನಾಗಿಯೇ ಸತ್ತ ಪ್ರಾಣಿಯ ಮಾಂಸವನ್ನೂ ಮಾರಕೂಡದೆಂದೂ, ಮಾರಿದರೆ 12 ಪಣ ದಂಡವೆಂದೂ ವಿಧಿಯಿದೆ. ತಲೆ ಕಾಲುಗಳು ಇರಬೇಕೆಂಬ ನಿಯಮದ ಉದ್ದೇಶವು, ಪ್ರಾಣಿಯು ಯಾವುದೆಂಬುದು ಕೊಳ್ಳುವವನಿಗೆ ನಿಶ್ಚಯವಾಗಿ ತಿಳಿಯಲೆಂಬುದೇ ಇರಬೇಕೆಂದು ನಮಗೆ ತೋರುತ್ತದೆ.

ಈಗ ಸೂಪರ್‌ಮಾರ್ಕೆಟಿನ ಪೊಟ್ಟಣವನ್ನು ನೋಡಿರಿ. ಅದರಲ್ಲಿರುವುದು ತಲೆಯೂ ಇಲ್ಲದ, ಕಾಲೂ ಇಲ್ಲದ, ಎಷ್ಟೋ ವೇಳೆ ಮೂಳೆಯೂ ಇಲ್ಲದ ಮಾಂಸ. ಪ್ರಾಣಿಯ ತಲೆಯು ಹೇಳಬೇಕಾಗಿದ್ದ ಸಾಕ್ಷ್ಯವನ್ನು ಅಲ್ಲಿ ಆ ಅಂಗೈಯಗಲದ ಚೀಟಿಯೇ ಹೇಳಬೇಕು. ಸಾಕ್ಷ್ಯವಿಲ್ಲದಿದ್ದಲ್ಲಿ ಸಂದೇಹವು ಹೇಗೆ ಹಬ್ಬುವುದೆಂಬುದಕ್ಕೆ ಬೆಂಗಳೂರಿನ ಉದಾಹರಣೆಯೇ ಸಾಕು. 2024ರ ಜುಲೈ ತಿಂಗಳಿನಲ್ಲಿ ರಾಜಸ್ಥಾನದಿಂದ ರೈಲಿನಲ್ಲಿ ಬಂದ ಮಾಂಸದ ಪೆಟ್ಟಿಗೆಗಳನ್ನು ಕಂಡು, ಅದು ನಾಯಿಯ ಮಾಂಸವೆಂದು ಕೆಲವರು ಗುಲ್ಲೆಬ್ಬಿಸಿದರು. ಊರೂರಿಗೆ ಆ ಸುದ್ದಿ ಹರಡಿತು. ಮಾದರಿಗಳನ್ನು ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಗೆ ಕಳುಹಿಸಿ ಪರೀಕ್ಷಿಸಿದ ಮೇಲೆ, ಅದು ನಾಯಿಯ ಮಾಂಸವಲ್ಲವೆಂದು ಸರ್ಕಾರದವರು ಪ್ರಕಟಿಸಿದರು. ಅಷ್ಟರೊಳಗೆ ಎಷ್ಟು ಮನೆಗಳಲ್ಲಿ ಎಷ್ಟು ಜನರು ಊಟದ ತಟ್ಟೆಯನ್ನು ಹಿಂದಕ್ಕೆ ತಳ್ಳಿದರೋ ಯಾರು ಬಲ್ಲರು?

ಪ್ರಕೃತ ವಿಷಯಕ್ಕೆ ಬರೋಣ. ನಮ್ಮ ನೈಯಾಯಿಕರು ತಿಳಿವಳಿಕೆಯ ಸಾಧನಗಳನ್ನು ಪ್ರಮಾಣಗಳೆಂದು ಕರೆದು, ಕಣ್ಣಾರೆ ಕಾಣುವುದನ್ನು ಪ್ರತ್ಯಕ್ಷವೆಂದೂ, ಚಿಹ್ನೆಯಿಂದ ಊಹಿಸುವುದನ್ನು ಅನುಮಾನವೆಂದೂ, ನಂಬತಕ್ಕವನ ಮಾತನ್ನು ಶಬ್ದವೆಂದೂ ಹೆಸರಿಸಿದರು. ಹರಿಹರದ ಆ ಹಿರಿಯರು ಪ್ರತ್ಯಕ್ಷವಾದಿಗಳು, ಮೊಮ್ಮಗನು ಶಬ್ದವಾದಿ. ಇಬ್ಬರ ಪಕ್ಷದಲ್ಲಿಯೂ ಅರ್ಧ ಸತ್ಯವುಂಟು. ಕಣ್ಣೆದುರಿಗೆ ಕಡಿದ ಪ್ರಾಣಿಯು ಯಾವುದು, ಅದು ಲವಲವಿಕೆಯಿಂದಿತ್ತೋ ಮಂಕಾಗಿತ್ತೋ ಎಂಬುದು ಕಣ್ಣಿಗೆ ತಿಳಿಯುವುದು ನಿಜ. ಆದರೆ ಹೊಟ್ಟೆಯನ್ನು ಕೆಡಿಸುವ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಗಳು ಕಣ್ಣಿಗೂ ಕಾಣವು, ಮೂಗಿಗೂ ತಿಳಿಯವು. ಅವು ಇರುವ ಮಾಂಸವು ಒಳ್ಳೆಯ ಬಣ್ಣದಿಂದಲೂ ವಾಸನೆಯಿಲ್ಲದೆಯೂ ಇರಬಲ್ಲದು. ಕಡಿಯುವ ಮರದ ಕೊರಡು, ಕತ್ತಿ, ತೊಳೆಯುವ ನೀರು ಇವು ಕೊಳಕಾಗಿದ್ದರೆ, ಆಗತಾನೇ ಕಡಿದ ಮಾಂಸವೂ ಅಪಾಯಕರವೇ. ಇನ್ನು ಶಬ್ದವು ಪ್ರಮಾಣವಾಗಬೇಕಾದರೆ, ಹೇಳಿದವನು ಆಪ್ತನಾಗಿರಬೇಕು, ಎಂದರೆ ನಂಬಿಕೆಗೆ ಅರ್ಹನಾಗಿರಬೇಕು. ಹೇಳಿದುದೇನೆಂಬುದೂ ಕೇಳಿದವನಿಗೆ ಅರ್ಥವಾಗಿರಬೇಕು. ಚೀಟಿಯನ್ನು ಓದದೆಯೇ ಚೀಟಿಯಿದೆಯೆಂಬ ಮಾತ್ರಕ್ಕೆ ನಂಬುವವನು ಶಬ್ದಪ್ರಮಾಣವನ್ನು ಅನುಸರಿಸಿದವನಾಗುವುದಿಲ್ಲ. ಆದುದರಿಂದ ಚೀಟಿಯನ್ನು ಅಂಶ ಅಂಶವಾಗಿ ಓದೋಣ.

ಮೊದಲನೆಯದು ಬಣ್ಣದ ಗುರುತು. ಹಸುರು ಚೌಕದೊಳಗೆ ಹಸುರು ಬೊಟ್ಟು ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋಣವಿದ್ದರೆ ಮಾಂಸಾಹಾರ. ಮೊದಲು ಮಾಂಸಾಹಾರಕ್ಕೂ ದುಂಡು ಬೊಟ್ಟೇ ಇದ್ದಿತು. ಹಸುರು ಕಂದುಗಳ ಭೇದವನ್ನು ಕಾಣಲಾರದ ವರ್ಣಾಂಧರಿಗೆ ಅನುಕೂಲವಾಗಲೆಂದು 2020ರ ಲೇಬಲ್ ನಿಯಮಗಳಲ್ಲಿ ಅದನ್ನು ತ್ರಿಕೋಣವನ್ನಾಗಿ ಮಾರ್ಪಡಿಸಿದರು. ಹಸಿಮಾಂಸವನ್ನು ಕೊಳ್ಳುವವರಿಗೆ ಈ ಗುರುತು ಅಷ್ಟಾಗಿ ಬೇಡವಾದರೂ, ಶಾಕಾಹಾರದ ಮನೆಯವರಿಗೆ ಇದೇ ಮುಖ್ಯವಾದುದು. ಹಾಲು ಮತ್ತು ಹಾಲಿನ ಪದಾರ್ಥಗಳು ಹಸುರು ಗುರುತಿಗೆ ಸೇರಿದರೆ, ಮೊಟ್ಟೆಯು ಕಂದು ಗುರುತಿಗೆ ಸೇರುವುದೆಂಬುದನ್ನು ಕೇಕು ಬಿಸ್ಕತ್ತುಗಳನ್ನು ಕೊಳ್ಳುವಾಗ ಮರೆಯಬಾರದು.

ಎರಡನೆಯದು ಎಫ್.ಎಸ್.ಎಸ್.ಎ.ಐ. ಎಂಬ ಅಕ್ಷರಗಳ ಕೆಳಗೆ ಇರುವ 14 ಅಂಕೆಗಳ ಸಂಖ್ಯೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟಗಳ ಅಧಿನಿಯಮವು 2006ರಲ್ಲಿ ಆಗಿ, ಅದರ ಕೆಳಗಿನ ಮುಖ್ಯ ನಿಯಮಗಳು 2011ರ ಆಗಸ್ಟಿನಿಂದ ಜಾರಿಗೆ ಬಂದುವು. ಆಹಾರದ ವ್ಯಾಪಾರ ಮಾಡುವವರೆಲ್ಲರೂ ಪರವಾನಗಿಯನ್ನಾಗಲಿ, ಸಣ್ಣ ವ್ಯಾಪಾರವಾದರೆ ನೋಂದಣಿಯನ್ನಾಗಲಿ ಪಡೆದಿರಬೇಕು. ಸಂಖ್ಯೆಯ ಮೊದಲ ಅಂಕೆಯು 1 ಆದರೆ ಪರವಾನಗಿ, 2 ಆದರೆ ನೋಂದಣಿ. ನಾಲ್ಕನೆಯ ಐದನೆಯ ಅಂಕೆಗಳು ಅದನ್ನು ಕೊಟ್ಟ ವರ್ಷವನ್ನು ತಿಳಿಸುವುವು. ಈ ಸಂಖ್ಯೆಯನ್ನು ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಎಂಬ ಆ್ಯಪಿನಲ್ಲಿ ಹಾಕಿ ನೋಡಿದರೆ, ಅದು ಯಾರದೆಂಬುದು ತಿಳಿಯುವುದು. ಮೊಬೈಲ್ ಹಿಡಿದ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಬಹುದು. ಆದರೆ ಒಂದು ಎಚ್ಚರಿಕೆ: ಆ ಪೊಟ್ಟಣವನ್ನು ಸರ್ಕಾರದವರು ಪರೀಕ್ಷೆ ಮಾಡಿರುವರೆಂದು ಈ ಸಂಖ್ಯೆಗೆ ಅರ್ಥವಲ್ಲ. ತಪ್ಪಾದರೆ ಹೊಣೆಗಾರನು ಯಾರೆಂಬುದನ್ನು ಮಾತ್ರ ಅದು ಹೇಳುವುದು. ಮಾತನಾಡುವವನು ಹೆಸರುಳ್ಳವನೋ ಅನಾಮಧೇಯನೋ ಎಂಬ ಭೇದವು ಇದರಿಂದ ತಿಳಿಯುವುದು.

ಮೂರನೆಯದು ತಾರೀಖು. ಇಲ್ಲಿ ಎರಡು ತಾರೀಖುಗಳಿರಬೇಕು. ತಯಾರಿಸಿದ ಅಥವಾ ಪೊಟ್ಟಣ ಕಟ್ಟಿದ ದಿನವೊಂದು. “ಎಕ್ಸ್‌ಪೈರಿ” ಅಥವಾ “ಯೂಸ್ ಬೈ” ಎಂಬ ಮಾತುಗಳ ಮುಂದಿರುವ ದಿನ ಮತ್ತೊಂದು. ಎರಡನೆಯದು ಮುಗಿದ ಮೇಲೆ ಆ ಪದಾರ್ಥವನ್ನು ಮಾರಲೂ ಕೂಡದು, ತಿನ್ನಲೂ ಕೂಡದು. “ಬೆಸ್ಟ್ ಬಿಫೋರ್” ಎಂಬುದು ಬೇರೆ. ಅದು ರುಚಿ ಹದಗಳು ಚೆನ್ನಾಗಿರುವ ಅವಧಿಯನ್ನು ಹೇಳುವ ಹೆಚ್ಚಿನ ಮಾತು. ಪೊಟ್ಟಣ ಕಟ್ಟಿದ ದಿನವೇ ಪ್ರಾಣಿಯನ್ನು ಕಡಿದ ದಿನವೆಂದು ಭ್ರಮಿಸಬಾರದು. ಎರಡೂ ಒಂದೇ ಆಗಿರಬಹುದು, ಆಗದೆಯೂ ಇರಬಹುದು.

ನಾಲ್ಕನೆಯದು ಶೈತ್ಯದ ಮಾತು. ಇದನ್ನು ಓದದೆ ಮೂರನೆಯದನ್ನು ಮಾತ್ರ ಓದುವವರೇ ಬಹುಮಂದಿ. ಚೀಟಿಯ ಮೇಲೆ 0ಯಿಂದ 4 ಡಿಗ್ರಿಯಲ್ಲಿಡಿರೆಂದೋ, ಸೊನ್ನೆಗಿಂತ 18 ಡಿಗ್ರಿ ಕೆಳಗಿಡಿರೆಂದೋ ಬರೆದಿರುವುದು. ಸಂಸ್ಕೃತದಲ್ಲಿ “ಯದಿ” ಎಂದು ಮೊದಲಾದ ವಾಕ್ಯವು “ತರ್ಹಿ” ಎಂಬಲ್ಲಿಗೆ ಬಂದು ಮುಗಿಯುವಂತೆ, ಪೊಟ್ಟಣದ ತಾರೀಖೂ ಒಂದು ಷರತ್ತಿನ ವಾಕ್ಯ. ಇಷ್ಟು ತಣ್ಣಗೆ ಇಟ್ಟರೆ ಆಗ ಇಷ್ಟು ದಿನ ಬಾಳುವುದೆಂದು ಅದರ ಅರ್ಥ. ಮೊದಲರ್ಧವು ಸುಳ್ಳಾದರೆ ಎರಡನೆಯ ಅರ್ಧಕ್ಕೆ ಬೆಲೆಯಿಲ್ಲ. ಮೂರು ದಿನದ ಅವಧಿಯುಳ್ಳ ಮಾಂಸವನ್ನು ಬಿಸಿಲಿನಲ್ಲಿ ಮೂರು ಗಂಟೆ ಇಟ್ಟು, “ತಾರೀಖು ಇನ್ನೂ ಮುಗಿದಿಲ್ಲವಲ್ಲ” ಎನ್ನುವುದು ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿ ಅರ್ಥ ಹೇಳಿದಂತೆ. ಪೊಟ್ಟಣವನ್ನು ಒಡೆದ ಮೇಲೆಯೂ ಆ ತಾರೀಖು ನಿಲ್ಲದು.

ಐದನೆಯದು ತೂಕ ಮತ್ತು ಬೆಲೆ. ಒಂದು ಪೊಟ್ಟಣವು 450 ಗ್ರಾಂ ತೂಗಿ 180 ರೂಪಾಯಿ, ಇನ್ನೊಂದು 500 ಗ್ರಾಂ ತೂಗಿ 195 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯದು ಅಗ್ಗವೆಂದು ಕಣ್ಣಿಗೆ ಕಂಡರೂ, ಕಿಲೋವಿಗೆ ಲೆಕ್ಕ ಹಾಕಿದರೆ ಅದು 400, ಎರಡನೆಯದು 390. ಮೂರನೆಯ ತ್ರೈರಾಶಿಕದ ಪಾಠವನ್ನು ಕಲಿತ ಮಕ್ಕಳಿಂದ ಈ ಲೆಕ್ಕವನ್ನು ಮಾಡಿಸಿದರೆ ಹಣವೂ ಉಳಿಯುವುದು, ಪಾಠವೂ ಗಟ್ಟಿಯಾಗುವುದು.

ಆರನೆಯದು ಪದಾರ್ಥಗಳ ಪಟ್ಟಿ. ಹಸಿಮಾಂಸದಲ್ಲಿ ಇದು ಚಿಕ್ಕದಾಗಿರುವುದು. ಸಾಸೇಜು, ನಗೆಟ್ಟು, ಮಸಾಲೆ ಹಚ್ಚಿದ ಕಬಾಬಿನ ತುಂಡುಗಳು ಮೊದಲಾದುವುಗಳಲ್ಲಿ ಉದ್ದವಾಗಿರುವುದು. ತೂಕದಲ್ಲಿ ಹೆಚ್ಚಾದುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಆದುದರಿಂದ ಚಿಕನ್ ಎಂದು ದೊಡ್ಡಕ್ಷರದಲ್ಲಿ ಹೆಸರಿದ್ದು, ಪಟ್ಟಿಯಲ್ಲಿ ನೀರೂ ಹಿಟ್ಟೂ ಮುಂದೆ ನಿಂತಿದ್ದರೆ, ನೀವು ಯಾವುದಕ್ಕೆ ಹಣ ಕೊಡುತ್ತಿರುವಿರೆಂದು ತಿಳಿದುಕೊಳ್ಳಿರಿ. 250 ಎಂಬ ಸಂಖ್ಯೆಯು ಸೋಡಿಯಂ ನೈಟ್ರೈಟ್ ಎಂಬ ಲವಣವನ್ನು ಸೂಚಿಸುವುದು. ಮಾಂಸದಲ್ಲಿ ಬೊಟುಲಿಸಂ ಎಂಬ ರೋಗವನ್ನು ತರುವ ವಿಷವು ಹುಟ್ಟದಂತೆ ತಡೆಯಲು ಅದನ್ನು ಮಿತವಾಗಿ ಬೆರಸುವರು. ಹೀಗೆ ಸಂಸ್ಕರಿಸಿದ ಮಾಂಸವು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ನಿರ್ಣಯಿಸಿತು. ದಿನಂಪ್ರತಿ 50 ಗ್ರಾಂ ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವವು ನೂರಕ್ಕೆ 18ರಷ್ಟು ಏರುವುದೆಂದು ಅದರ ಅಂದಾಜು. ಎಂದೋ ಒಮ್ಮೆ ತಿಂದವರು ಹೆದರಬೇಕಾದುದಿಲ್ಲ. ಮಕ್ಕಳಿಗೆ ಪ್ರತಿದಿನದ ತಿಂಡಿಯಾಗಿ ಅದನ್ನು ಕೊಡುವವರು ಮಾತ್ರ ಯೋಚಿಸಬೇಕು.

ಬಣ್ಣದ ವಿಷಯದಲ್ಲಿ ನಮ್ಮ ಸರ್ಕಾರವೇ ಎಚ್ಚರಿಕೆ ಕೊಟ್ಟಿರುವುದು. 2024ರ ಜೂನ್ ತಿಂಗಳಿನಲ್ಲಿ ರಾಜ್ಯದ ಕಬಾಬಿನ ಅಂಗಡಿಗಳಿಂದ ತೆಗೆದ 39 ಮಾದರಿಗಳಲ್ಲಿ 8 ಮಾದರಿಗಳು ಸನ್‌ಸೆಟ್ ಯೆಲ್ಲೋ, ಕಾರ್ಮೋಯ್ಸಿನ್ ಎಂಬ ಬಣ್ಣಗಳಿಂದಾಗಿ ಅಸುರಕ್ಷಿತವೆಂದು ಕಂಡುಬಂದು, ಕಬಾಬಿಗೆ ಕೃತಕ ಬಣ್ಣವನ್ನು ಹಾಕುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಬ್ಯಾಡಗಿ ಮೆಣಸಿನಕಾಯಿಯ ಕೆಂಪಿರುವ ನಾಡಿನಲ್ಲಿ ಬೇರೆ ಕೆಂಪು ಏತಕ್ಕೆ ಬೇಕು?

ಏಳನೆಯದು ಬ್ಯಾಚ್ ಸಂಖ್ಯೆ. ಇದು ಒಂದೇ ಸಲ ತಯಾರಾದ ಪೊಟ್ಟಣಗಳ ಗುಂಪಿನ ಹೆಸರು. ಒಂದು ಗುಂಪಿನಲ್ಲಿ ದೋಷ ಕಂಡರೆ ಅದನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ತರಿಸಬೇಕೆಂದು 2017ರ ನಿಯಮಗಳು ವಿಧಿಸಿರುವುವು. ಆದುದರಿಂದ ಮಾಂಸವನ್ನು ಬೇಯಿಸಿದ ಕೂಡಲೆ ಚೀಟಿಯನ್ನು ಕಸಕ್ಕೆ ಎಸೆಯದೆ, ಎರಡು ಮೂರು ದಿನ ಇಟ್ಟುಕೊಳ್ಳುವುದು ಜಾಣತನ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಆ ಚೀಟಿಯೇ ಸಾಕ್ಷಿ.

ಚೀಟಿಯಾಯಿತು. ಇನ್ನು ಅನುಮಾನಪ್ರಮಾಣಕ್ಕೆ ಬರೋಣ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಕೆಲವು ಗುರುತುಗಳನ್ನು ಕಂಡು ಪೊಟ್ಟಣದ ಪೂರ್ವಕಥೆಯನ್ನು ಊಹಿಸಬಹುದು. ಹೆಪ್ಪುಗಟ್ಟಿಸಿದ ಮಾಂಸದ ಪೊಟ್ಟಣದೊಳಗೆ ಮಂಜಿನ ಹರಳುಗಳು ದಟ್ಟವಾಗಿದ್ದರೆ, ತುಂಡುಗಳೆಲ್ಲವೂ ಒಂದೇ ಮುದ್ದೆಯಾಗಿದ್ದರೆ, ತಳದಲ್ಲಿ ಕೆಂಪು ನೀರು ಗಡ್ಡೆಕಟ್ಟಿದ್ದರೆ, ಅದು ನಡುವೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬೇಕು. ತಣ್ಣನೆಯ ಹಸಿಮಾಂಸದ ಪೊಟ್ಟಣವು ಉಬ್ಬಿದ್ದರೆ, ಸೋರುತ್ತಿದ್ದರೆ, ಕೈಗೆ ತಣ್ಣಗೆ ತಾಕದಿದ್ದರೆ ಅದನ್ನು ಬಿಡತಕ್ಕದ್ದು. ಒಂದು ಚೀಟಿಯ ಮೇಲೆ ಇನ್ನೊಂದು ಚೀಟಿಯನ್ನು ಅಂಟಿಸಿ ತಾರೀಖನ್ನು ಮರೆಮಾಡಿದ್ದರೆ ಕೇಳದೆ ಕೊಳ್ಳಬಾರದು. ಆದರೆ ಬಣ್ಣವೊಂದನ್ನೇ ನಂಬಬಾರದು. ಮಾಂಸದ ಕೆಂಪು ರಕ್ತದ ಕೆಂಪಲ್ಲ. ಮಯೋಗ್ಲೋಬಿನ್ ಎಂಬ ವಸ್ತುವಿನದು. ಗಾಳಿ ತಗುಲಿದರೆ ಅದು ಹೊಳೆಯುವ ಕೆಂಪಾಗುವುದು, ಹೊತ್ತು ಕಳೆದಂತೆ ಕಂದಾಗುವುದು. ಕೆಂಪು ದೀಪದ ಕೆಳಗಂತೂ ಎಲ್ಲ ಮಾಂಸವೂ ಹೊಸದಾಗಿಯೇ ಕಾಣುವುದು.

ಅಂಗಡಿಯಿಂದ ಮನೆಯ ವರೆಗಿನ ದಾರಿಯು ಚೀಟಿಯಲ್ಲಿ ಬರೆದಿಲ್ಲದ ಅಧ್ಯಾಯ. ದಾವಣಗೆರೆಗೂ ಹರಿಹರಕ್ಕೂ 14 ಕಿಲೋಮೀಟರುಗಳೇ ಆದರೂ, ಅಂಗಡಿಯಿಂದ ಬಸ್ ನಿಲ್ದಾಣಕ್ಕೆ ಹೋಗಿ, ಬಸ್ಸಿಗೆ ಕಾದು, ಇಳಿದು ಮನೆ ಸೇರುವುದರೊಳಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುವುದುಂಟು. 5ರಿಂದ 60 ಡಿಗ್ರಿಗಳ ನಡುವಣ ಉಷ್ಣತೆಯು ಸೂಕ್ಷ್ಮಜೀವಿಗಳಿಗೆ ಸುಗ್ಗಿಯ ಕಾಲ. ಅನುಕೂಲ ಒದಗಿದರೆ ಅವುಗಳಲ್ಲಿ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವುವು. ಒಂದಿದ್ದುದು ಒಂದು ಗಂಟೆಗೆ 8, ಎರಡು ಗಂಟೆಗೆ 64, ನಾಲ್ಕು ಗಂಟೆಗೆ 4096 ಆಗುವುದು. ಆದಕಾರಣ ಹಸಿಮಾಂಸವನ್ನು ಎರಡು ಗಂಟೆಗಿಂತಲೂ, 32 ಡಿಗ್ರಿ ಮೀರಿದ ಬಿಸಿಲಿನ ದಿನಗಳಲ್ಲಿ ಒಂದು ಗಂಟೆಗಿಂತಲೂ ಹೆಚ್ಚಾಗಿ ಹೊರಗಿಡಬಾರದೆಂದು ತಿಳಿದವರು ಹೇಳುವರು. ನಮ್ಮ ಕಡೆಯ ಬೇಸಿಗೆಯಲ್ಲಿ ಎಲ್ಲ ದಿನಗಳೂ ಅಂಥ ದಿನಗಳೇ. ಅಕ್ಕಿ ಬೇಳೆ ಸೋಪುಗಳನ್ನೆಲ್ಲ ಕೊಂಡ ಮೇಲೆ ಕಟ್ಟಕಡೆಗೆ ಮಾಂಸವನ್ನು ಕೊಳ್ಳುವುದು, ಪ್ರತ್ಯೇಕ ಚೀಲದಲ್ಲಿ ಮಂಜುಗಡ್ಡೆಯ ಜೊತೆಗೆ ಅದನ್ನು ಒಯ್ಯುವುದು, ನಡುವೆ ಬೇರೆ ಕೆಲಸಕ್ಕೆ ನಿಲ್ಲದಿರುವುದು ಇಷ್ಟನ್ನು ಆ ಸೋದರಿಯ ಮಗನು ಪಾಲಿಸಬೇಕು. ಇಲ್ಲವಾದರೆ ಹರಿಹರದಲ್ಲಿಯೇ ಶುಚಿಯಾದ ಅಂಗಡಿಯಲ್ಲಿ ಕೊಳ್ಳುವುದು ಮೇಲು. ಅಲ್ಲಿಯೂ ಪರವಾನಗಿಯ ಪತ್ರವನ್ನು ಕಾಣುವಂತೆ ತೂಗುಹಾಕಿರಬೇಕೆಂಬುದು ಕಾನೂನು. ಅದನ್ನು ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಮನೆಯಲ್ಲಿ ಹಸಿಮಾಂಸವನ್ನು ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ, ಮುಚ್ಚಿದ ಪಾತ್ರೆಯಲ್ಲಿಡಬೇಕು. ಮೇಲಿಟ್ಟರೆ ಅದರ ರಸವು ತೊಟ್ಟಿಕ್ಕಿ ಮೊಸರು ತರಕಾರಿಗಳಿಗೆ ತಗುಲುವುದು. ಹೆಪ್ಪುಗಟ್ಟಿದುದನ್ನು ಅಡಿಗೆಕಟ್ಟೆಯ ಮೇಲಿಟ್ಟು ಕರಗಿಸದೆ, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಕರಗಿಸಬೇಕು. ಕೋಳಿಯನ್ನು ನಲ್ಲಿಯ ಧಾರೆಯ ಕೆಳಗೆ ತೊಳೆದರೆ ಹನಿಗಳು ಸುತ್ತಲೂ ಸಿಡಿದು ರೋಗಾಣುಗಳನ್ನು ಹರಡುವುವು. ತೊಳೆಯದೆ ಮನಸ್ಸು ಒಪ್ಪದವರು ಪಾತ್ರೆಯಲ್ಲಿ ನೀರಿಟ್ಟು ಮೆಲ್ಲಗೆ ತೊಳೆದು, ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಲಿ. ಮಾಂಸಕ್ಕೆ ಬಳಸಿದ ಈಳಿಗೆ ಮಣೆಯಲ್ಲಿಯೇ ಕೋಸಂಬರಿಗೆ ಸೌತೆಕಾಯಿಯನ್ನು ಹೆಚ್ಚಬಾರದು. ಕರೆಂಟು ಹೋದಾಗ ಬಾಗಿಲನ್ನು ತೆಗೆಯದಿದ್ದರೆ ಫ್ರಿಜ್ಜು ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಂಪನ್ನು ಕಾಪಾಡುವುದು.

ಬೆಂಕಿಯೇ ಕಡೆಯ ಕಾವಲುಗಾರ. ಕುದಿಯುವ ಸಾರಿನಲ್ಲಿ ಚೆನ್ನಾಗಿ ಬೆಂದ ಮಾಂಸಕ್ಕೆ ಭಯವಿಲ್ಲ. ಹೊರಗೆ ಕೆಂಪಗೆ ಕರಿದು ಒಳಗೆ ಮೂಳೆಯ ಬಳಿ ಹಸಿಯಾಗಿ ಉಳಿದ ಕಬಾಬಿನಲ್ಲಿಯೇ ಅಪಾಯವಿರುವುದು. ಕೋಳಿಯ ಮಾಂಸದ ಒಳಭಾಗವು 74 ಡಿಗ್ರಿಯನ್ನು ಮುಟ್ಟಿರಬೇಕು. ಉಷ್ಣಮಾಪಕವಿಲ್ಲದ ಮನೆಯಲ್ಲಿ ದಪ್ಪ ತುಂಡನ್ನು ಬಿಡಿಸಿ, ರಸವು ತಿಳಿಯಾಗಿದೆಯೇ ಎಂದು ನೋಡಬೇಕು. ಮಧ್ಯಾಹ್ನದ ಸಾರನ್ನು ದೊಡ್ಡ ಪಾತ್ರೆಯಲ್ಲಿ ಒಲೆಯ ಮೇಲೆಯೇ ರಾತ್ರಿಯ ವರೆಗೆ ಬಿಡುವ ರೂಢಿಯು ಒಳ್ಳೆಯದಲ್ಲ. ಕುದಿತಕ್ಕೂ ಸಾಯದ ಬೀಜಾಣುಗಳು ಕೆಲವುಂಟು; ಸಾರು ನಿಧಾನವಾಗಿ ಆರುವಾಗ ಅವು ಮೊಳೆತು ಬೆಳೆಯುವುವು. ಸಣ್ಣ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಟ್ಟು, ಮತ್ತೆ ಚೆನ್ನಾಗಿ ಕುದಿಸಿ ಬಡಿಸಬೇಕು. ಮೂರು ವರ್ಷದ ಮಗು, ಗರ್ಭಿಣಿ, ವೃದ್ಧರು ಇರುವ ಮನೆಯಲ್ಲಿ ಇದು ಎರಡು ಪಟ್ಟು ಮುಖ್ಯ. ದೊಡ್ಡವರಿಗೆ ಒಂದು ದಿನದ ಹೊಟ್ಟೆನೋವಾಗಿ ಹೋಗುವುದು ಅವರಿಗೆ ಪ್ರಾಣಸಂಕಟವಾಗಬಲ್ಲದು.

ಬೆಂಕಿಯ ಈ ಮಹಿಮೆಯನ್ನು ಹರಿಹರ ತಾಲ್ಲೂಕಿನವರು ನೆನಪಿನಲ್ಲಿಟ್ಟುಕೊಳ್ಳಲು ಬೇರೊಂದು ಕಾರಣವೂ ಉಂಟು. 2020ರ ಮಾರ್ಚ್ ತಿಂಗಳಿನಲ್ಲಿ ಈ ತಾಲ್ಲೂಕಿನ ಬನ್ನಿಕೋಡು ಗ್ರಾಮದ ಕೋಳಿಗಳಲ್ಲಿಯೂ, ಅದೇ ಸಮಯದಲ್ಲಿ ಮೈಸೂರಿನಲ್ಲಿಯೂ ಹಕ್ಕಿಜ್ವರವು ಕಾಣಿಸಿಕೊಂಡಿತು. ಇಂಥ ಕಡೆ ಸುತ್ತಲಿನ ಒಂದು ಕಿಲೋಮೀಟರಿನೊಳಗಿನ ಕೋಳಿಗಳನ್ನು ಕೊಂದು ಹೂಳಿ, ಹತ್ತು ಕಿಲೋಮೀಟರಿನ ವರೆಗೆ ನಿಗಾ ಇಡುವುದು ಸರ್ಕಾರದ ಕ್ರಮ. ಕೊರೋನಾ ರೋಗವು ಕೋಳಿಯಿಂದ ಬರುವುದೆಂಬ ಸುಳ್ಳು ಸುದ್ದಿಯೂ ಆಗಲೇ ಹಬ್ಬಿ, ಕೋಳಿಯ ಬೆಲೆಯು ನೆಲಕಚ್ಚಿತು. ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಕೋಳಿಗಳನ್ನು ಜೀವಂತವಾಗಿ ಹೂಳಿದ ಸುದ್ದಿಯನ್ನು ಓದಿ ಎಲ್ಲರೂ ಮರುಗಿದರು. ಹಕ್ಕಿಜ್ವರದ ವಿಷಾಣುವು 70 ಡಿಗ್ರಿಯಲ್ಲಿ ಒಳಗೂ ಹೊರಗೂ ಬೆಂದ ಮಾಂಸದಲ್ಲಿ ಉಳಿಯದೆಂದು ವಿಶ್ವ ಆರೋಗ್ಯ ಸಂಸ್ಥೆಯು ಬಹಳ ಹಿಂದೆಯೇ ತಿಳಿಸಿದ್ದಿತು. ಸತ್ತ, ಮಂಕಾದ ಕೋಳಿಯನ್ನು ಮುಟ್ಟದಿರುವುದು, ಕೊಂಡುದನ್ನು ಚೆನ್ನಾಗಿ ಬೇಯಿಸುವುದು ಇವೆರಡೇ ಆಗ ಬೇಕಾಗಿದ್ದ ವಿವೇಕ. ವದಂತಿಯು ಬಡ ರೈತನ ಹೊಟ್ಟೆಯ ಮೇಲೆ ಹೊಡೆಯಿತು.

ಸಂದೇಹ ಬಂದಾಗ ಸಾಮಾನ್ಯ ಗೃಹಸ್ಥನಿಗೂ ಒಂದು ಹಕ್ಕುಂಟೆಂಬುದನ್ನು ಬಹುಮಂದಿ ಅರಿಯರು. 2006ರ ಅಧಿನಿಯಮದ 40ನೆಯ ಪ್ರಕರಣದಂತೆ, ಕೊಳ್ಳುವವನು ಅಂಗಡಿಯವನಿಗೆ ಕೊಳ್ಳುವ ಸಮಯದಲ್ಲಿಯೇ ತಿಳಿಸಿ, ನಿಗದಿಯಾದ ಹಣ ಕಟ್ಟಿ, ಪದಾರ್ಥವನ್ನು ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷವು ರುಜುವಾತಾದರೆ ಕಟ್ಟಿದ ಹಣವು ಹಿಂದಕ್ಕೆ ಬರುವುದು. ಜಿಲ್ಲೆಯಲ್ಲಿ ಅಂಕಿತಾಧಿಕಾರಿಗಳೂ ಅವರ ಕೆಳಗೆ ಆಹಾರ ಸುರಕ್ಷತಾಧಿಕಾರಿಗಳೂ ಇರುವರು. ಅವರಿಗೆ ದೂರು ಕೊಡಬಹುದು. ತೂಕ ಬೆಲೆಗಳ ಮೋಸಕ್ಕೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಉಂಟು.

ಇಷ್ಟೆಲ್ಲ ಹೇಳಿದ ಮೇಲೆಯೂ ಒಂದು ಮಾತು ಉಳಿಯಿತು. ಇಂಗ್ಲಿಷಿನಲ್ಲಿಯಾಗಲಿ ದೇವನಾಗರಿಯ ಹಿಂದಿಯಲ್ಲಿಯಾಗಲಿ ಚೀಟಿಯಿದ್ದರೆ ಸಾಕೆಂದು ಈಗಿನ ನಿಯಮ. ಬೇರೆ ಭಾಷೆಯನ್ನು ಸೇರಿಸಲು ಅಡ್ಡಿಯಿಲ್ಲ, ಆದರೆ ಬಲವಂತವೂ ಇಲ್ಲ. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕೆಂದು ನಮ್ಮ ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುತ್ತೋಲೆಯನ್ನು ಹೊರಡಿಸಿರುವುದು ಸಂತೋಷದ ಸಂಗತಿ. ಹೊರಗಿನಿಂದ ಬರುವ ಪೊಟ್ಟಣಗಳಿಗೆ ಅದು ಅನ್ವಯಿಸದು. ಅಡಿಗೆ ಮಾಡುವ ಕೈ ಒಬ್ಬರದು, ಚೀಟಿಯನ್ನು ಓದಬಲ್ಲ ಕಣ್ಣು ಇನ್ನೊಬ್ಬರದು ಎಂಬ ಸ್ಥಿತಿಯಲ್ಲಿ ನಮ್ಮ ಎಷ್ಟೋ ಮನೆಗಳಿರುವುವು. ಕೇಳುವವಳಿಗೆ ತಿಳಿಯದ ಭಾಷೆಯಲ್ಲಿ ಹೇಳಿದ ಎಚ್ಚರಿಕೆಯು ಹೇಳದ ಎಚ್ಚರಿಕೆಗೆ ಸಮಾನವೇ ಸರಿ. ಕನ್ನಡದ ಚೀಟಿಯನ್ನು ಕೇಳುವುದು ಅಭಿಮಾನದ ಮಾತಷ್ಟೇ ಅಲ್ಲ. ಮನೆಯವರ ಆರೋಗ್ಯದ ಮಾತೂ ಅಹುದು. ಅಂಗಡಿಯವರನ್ನು ನಾವೆಲ್ಲರೂ ವಿನಯದಿಂದ, ಆದರೆ ಬಿಡದೆ ಕೇಳುತ್ತಿರಬೇಕು.

ಅದು ಬರುವ ವರೆಗೆ ಶಾಲೆಗೆ ಹೋಗುವ ಮಕ್ಕಳು ಒಂದು ಕೆಲಸವನ್ನು ಮಾಡಲಿ. ಈ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮುಂದೆ ಕನ್ನಡದ ಅರ್ಥವನ್ನು ಬರೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಿ: ಯೂಸ್ ಬೈ ಎಂದರೆ ಈ ದಿನದೊಳಗೆ ಬಳಸಿ; ಪ್ಯಾಕ್ಡ್ ಆನ್ ಎಂದರೆ ಕಟ್ಟಿದ ದಿನ; ಕೀಪ್ ರೆಫ್ರಿಜರೇಟೆಡ್ ಎಂದರೆ ತಣ್ಣಗೆ ಇಡಿ; ಕೀಪ್ ಫ್ರೋಜನ್ ಎಂದರೆ ಹೆಪ್ಪುಗಟ್ಟಿದಂತೆಯೇ ಇಡಿ; ಡು ನಾಟ್ ರೀಫ್ರೀಜ್ ಎಂದರೆ ಕರಗಿದ ಮೇಲೆ ಮತ್ತೆ ಗಟ್ಟಿಮಾಡಬೇಡಿ; ಕುಕ್ ಬಿಫೋರ್ ಈಟಿಂಗ್ ಎಂದರೆ ಬೇಯಿಸದೆ ತಿನ್ನಬೇಡಿ; ನೆಟ್ ವೆಯ್ಟ್ ಎಂದರೆ ಪೊಟ್ಟಣವನ್ನು ಬಿಟ್ಟು ಮಾಂಸದ ತೂಕ. ಏಳು ಸಾಲುಗಳ ಈ ಪಾಠವನ್ನು ಅಜ್ಜಿಯು ಮೊಮ್ಮಗುವಿನಿಂದ ಕಲಿತರೆ ಯಾವ ಅವಮಾನವೂ ಇಲ್ಲ. ಕಲಿತ ಮೇಲೆ ಹಿರಿಯರ ಕಣ್ಣೂ ಕಿರಿಯರ ಚೀಟಿಯೂ ಒಂದೇ ಪೊಟ್ಟಣವನ್ನು ಪರೀಕ್ಷಿಸಲಿ. ಎರಡೂ ಒಪ್ಪಿದುದನ್ನು ಮಾತ್ರ ಒಲೆಗೆ ಏರಿಸಲಿ.